ಇದಿರಿಲ್ಲದ ಅರ್ಥಗಾರಿಕೆ

ದೂರದೇಶದಲ್ಲಿ ನೆಲಸಿದವನು ಊರಿಗೆ ಬಂದಾಗ ಅವನಿಂದ ನಾವು ಎರಡನ್ನು ನಿರೀಕ್ಷಿಸುತ್ತೇವೆ: ಅಲ್ಲಿಯ ವೈಭವದ ವರ್ಣನೆ, ಇಲ್ಲಿಯ ಅವ್ಯವಸ್ಥೆಯ ನಿಂದೆ. ಪುಷ್ಯಮಾಸದಲ್ಲಿ ತಂದೆಯ ಶ್ರಾದ್ಧಕ್ಕೆಂದು ಅಮೆರಿಕದಿಂದ ಬಂದ ನನ್ನ ಬಾಲ್ಯದ ಗೆಳೆಯ ಎರಡನ್ನೂ ಕೊಡಲಿಲ್ಲ. ನಮ್ಮ ಮನೆಯ ಜಗಲಿಯ ಮೇಲೆ ಕುಳಿತು, ಕವಳದ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡು, ಅವನು ಹೇಳಿದ್ದು ಇಷ್ಟೆ: “ಅಲ್ಲಿ ಈಗ ಯಾರೂ ಯಾರೊಡನೆಯೂ ಮಾತಾಡುವುದಿಲ್ಲ ಮಾರಾಯ. ಎಲ್ಲರೂ ತಮ್ಮ ತಮ್ಮವರ ಮುಂದೆ ನಾಟಕ ಆಡುತ್ತಾರೆ.”

ಈ ಮಾತು ಆಮೇಲೆ ಬಹಳ ದಿನ ನನ್ನನ್ನು ಕಾಡಿತು. ಅದರಲ್ಲಿ ಅರ್ಧಕ್ಕೆ ನನ್ನ ಒಪ್ಪಿಗೆಯಿದೆ. ಉಳಿದರ್ಧದ ಮೇಲೆ ಜಗಳವಿದೆ. ಜಗಳ ಅವನೊಡನೆ ಅಲ್ಲಿಗೇ ಮುಗಿಯಲಿಲ್ಲವಾದ್ದರಿಂದ ಈ ಭಾನುವಾರ ಅದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಗೆಳೆಯನ ಸ್ಥಿತಿಯನ್ನು ಹೇಳಬೇಕು. ಅವನು 2006ರಿಂದ ಒಹಾಯೊ ಸಂಸ್ಥಾನದ ಒಂದು ಸಣ್ಣ ಪಟ್ಟಣದಲ್ಲಿದ್ದಾನೆ. ಕಂಪ್ಯೂಟರಿನ ಕೆಲಸ. ಸ್ವಂತ ಮನೆಯುಂಟು, ತೆರಿಗೆ ಕಟ್ಟುತ್ತಾನೆ. ಮತ ಮಾತ್ರ ಇಲ್ಲ. ಅಲ್ಲಿಯವರು ಗ್ರೀನ್ ಕಾರ್ಡು ಎನ್ನುವ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಿ ಹತ್ತು ವರ್ಷ ಮೀರಿತು. ಉದ್ಯೋಗದ ಆಧಾರದ ಮೇಲೆ ಕೊಡುವ ಪರವಾನಗಿಗಳಲ್ಲಿ ಒಂದೊಂದು ದೇಶದವರಿಗೆ ವರ್ಷಕ್ಕೆ ಶೇಕಡಾ 7ರ ಮಿತಿಯಿರುವುದರಿಂದ ಭಾರತೀಯರ ಸಾಲು ಬಹಳ ಉದ್ದ. ತಮ್ಮ ಸರದಿ ನಿವೃತ್ತಿಯ ಒಳಗೆ ಬಂದೀತೇ ಎಂದು ಲೆಕ್ಕ ಹಾಕುವವರು ಅಲ್ಲಿ ಬೇಕಾದಷ್ಟು ಮಂದಿ. ಮಗಳು ಅಲ್ಲಿಯೇ ಹುಟ್ಟಿದವಳು, ಆದ್ದರಿಂದ ಆ ದೇಶದ ಪ್ರಜೆ. ಅವಳಿಗೆ ಇನ್ನೇನು ಹದಿನೆಂಟು ತುಂಬಲಿದೆ. ಆ ಮನೆಯ ಮೊದಲ ಮತ ಅವಳದಾಗುತ್ತದೆ.

ಅವನ ಮನೆಯ ಎಡಕ್ಕೊಬ್ಬ, ಬಲಕ್ಕೊಬ್ಬ ನೆರೆಯವರು. ಒಬ್ಬ ರಿಪಬ್ಲಿಕನ್ ಪಕ್ಷದವನು, ಇನ್ನೊಬ್ಬ ಡೆಮಾಕ್ರಾಟಿಕ್ ಪಕ್ಷದವನು. ಚುನಾವಣೆ ಬಂದಾಗ ಹುಲ್ಲಿನಂಗಳದಲ್ಲಿ ತಮ್ಮ ಪಕ್ಷದ ಫಲಕ ನೆಡುವುದು ಆ ದೇಶದಲ್ಲಿ ಹಳೆಯ ರೂಢಿ. ಹಿಂದೆ ಫಲಕ ಚುನಾವಣೆಯ ಮರುವಾರ ಕೊಟ್ಟಿಗೆ ಸೇರುತ್ತಿತ್ತು. ಈಗ ವರ್ಷವಿಡೀ ನಿಂತಿರುತ್ತದೆ. ಗೆಳೆಯ ಹೇಳಿದ ಸಂಗತಿಯೆಂದರೆ, ಇಬ್ಬರೂ ಒಳ್ಳೆಯವರು. ಹಿಮ ಬಿದ್ದ ಬೆಳಗ್ಗೆ ಎಡಗಡೆಯವನು ತನ್ನ ಯಂತ್ರ ತಂದು, ಕೇಳದೆಯೇ, ಇವನ ಮನೆಯ ದಾರಿಯನ್ನು ಬಿಡಿಸಿಕೊಡುತ್ತಾನೆ. ಇವನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಬಲಗಡೆಯ ಮನೆಯಾಕೆ ಒಂದು ವಾರ ಊಟ ತಂದುಕೊಟ್ಟಳು; ಇವರು ಮಾಂಸ ತಿನ್ನುವುದಿಲ್ಲವೆಂದು ತಿಳಿದುಕೊಂಡು, ಅದಕ್ಕೆ ತಕ್ಕಂತೆ. ಆದರೆ 2020ರ ಚುನಾವಣೆಯಾದಂದಿನಿಂದ ಆ ಎರಡು ಮನೆಗಳ ನಡುವೆ ಮಾತಿಲ್ಲ. ಒಂದೇ ಏಣಿಯನ್ನು ಹದಿನೈದು ವರ್ಷ ಹಂಚಿಕೊಂಡವರು ಈಗ ಎರಡು ಏಣಿ ಕೊಂಡಿದ್ದಾರಂತೆ. ಇಬ್ಬರೂ ತಮ್ಮ ತಮ್ಮ ಬೇಲಿಯಾಚೆಯಿಂದ ಇವನಿಗೆ ಮನಸ್ಸು ಬಿಚ್ಚಿ ಹೇಳಿಕೊಳ್ಳುತ್ತಾರೆ. ಇಬ್ಬರೂ ಇವನು ತಮ್ಮ ಕಡೆಯವನೆಂದೇ ತಿಳಿದಿದ್ದಾರೆ. “ಮತ ಇಲ್ಲದವನ ಮುಂದೆ ಎಲ್ಲರೂ ನಿಜ ಹೇಳುತ್ತಾರೆ” ಎಂದ ಗೆಳೆಯ.

ಆ ದೇಶದಲ್ಲಿ ಒಂದು ಪ್ರಶ್ನೆಯನ್ನು ಐವತ್ತು ವರ್ಷಗಳ ಅಂತರದಲ್ಲಿ ಜನರಿಗೆ ಕೇಳಿದ್ದುಂಟು: ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ನಿಮಗೆ ಅಸಮಾಧಾನವೆ? 1960ರಲ್ಲಿ ಹೌದೆಂದವರು ಎರಡು ಪಕ್ಷಗಳಲ್ಲಿಯೂ ನೂರಕ್ಕೆ ನಾಲ್ವರು, ಐವರು. 2010ರಲ್ಲಿ ರಿಪಬ್ಲಿಕನ್ನರಲ್ಲಿ 49, ಡೆಮಾಕ್ರಾಟರಲ್ಲಿ 33. ಸಂಬಂಧ ನೋಡುವಾಗ ಯಾವ ಊರು, ಯಾವ ಮನೆತನ, ಯಾವ ಪೈಕಿ ಎಂದು ವಿಚಾರಿಸುವ ನಮಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಪಕ್ಷವೆಂಬುದು ಅಭಿಪ್ರಾಯವಾಗಿದ್ದುದು ಅಲ್ಲಿ ಜಾತಿಯಾಗಿದೆ. ಅಭಿಪ್ರಾಯವಾದರೆ ವಾದ ಮಾಡಬಹುದು, ಬದಲಿಸಿಕೊಳ್ಳಬಹುದು. ಜಾತಿಗೆ ಬೇಕಾದದ್ದು ಲಾಂಛನ.

ಈ ಲಾಂಛನದ ವಿಚಾರದಲ್ಲಿ ಗೆಳೆಯ ತನ್ನದೇ ಒಂದು ಪ್ರಸಂಗ ಹೇಳಿದ. ಹೇಳುವಾಗ ಸ್ವಲ್ಪ ನಾಚಿಕೊಂಡ. 2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಜನಾಂಗದ ಮನುಷ್ಯನ ಕುತ್ತಿಗೆಯ ಮೇಲೆ ಪೊಲೀಸನೊಬ್ಬ ಒಂಬತ್ತು ನಿಮಿಷಕ್ಕೂ ಮೀರಿ ಮಂಡಿಯೂರಿ ಕುಳಿತು ಅವನನ್ನು ಕೊಂದದ್ದು ಎಲ್ಲರಿಗೂ ತಿಳಿದಿದೆ. ಅದಾಗಿ ಎಂಟು ದಿನಕ್ಕೆ, ಜೂನ್ 2ರ ಮಂಗಳವಾರ, ಸಂಗೀತೋದ್ಯಮದಲ್ಲಿದ್ದ ಇಬ್ಬರು ಕಪ್ಪು ಮಹಿಳೆಯರು ತಮ್ಮ ಉದ್ಯಮಕ್ಕೆ ಒಂದು ಕರೆ ಕೊಟ್ಟಿದ್ದರು: ಒಂದು ದಿನ ಎಂದಿನ ವ್ಯಾಪಾರ ನಿಲ್ಲಿಸಿ, ಯೋಚಿಸಿ, ಎಂದು. ಪ್ರದರ್ಶನವನ್ನು ತಡೆಹಿಡಿಯಬೇಕು ಎಂಬರ್ಥದ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಆದದ್ದೇನು? ಕರೆ ಕೈಯಿಂದ ಕೈಗೆ ದಾಟುತ್ತ ರೂಪ ಕಳೆದುಕೊಂಡು, ಇನ್‌ಸ್ಟಾಗ್ರಾಮಿನಲ್ಲಿ ಒಂದು ಕಪ್ಪು ಚೌಕವನ್ನು ಹಾಕುವುದೇ ಆ ದಿನದ ಕರ್ತವ್ಯವೆಂದಾಯಿತು. ಸುಮಾರು 2 ಕೋಟಿ 80 ಲಕ್ಷ ಚೌಕಗಳು ಬಿದ್ದವು. ಬೀದಿಯಲ್ಲಿದ್ದ ಚಳವಳಿಗಾರರು ಎಲ್ಲಿ ಸೇರಬೇಕು, ಬಂಧನವಾದವರಿಗೆ ಜಾಮೀನಿನ ನೆರವು ಎಲ್ಲಿ ಎಂಬ ಸುದ್ದಿಯನ್ನು ಹಂಚಿಕೊಳ್ಳುತ್ತಿದ್ದ ಹಣೆಪಟ್ಟಿಯನ್ನೇ ಬಹುಮಂದಿ ಚೌಕಕ್ಕೂ ಅಂಟಿಸಿದ್ದರಿಂದ, ಆ ಸುದ್ದಿಯೆಲ್ಲ ಚೌಕಗಳ ಕೆಳಗೆ ಹೂತುಹೋಯಿತು. ದಯವಿಟ್ಟು ಹಾಕಬೇಡಿ ಎಂದು ಚಳವಳಿಯವರೇ ಬೇಡಿಕೊಳ್ಳುವಂತಾಯಿತು.

ಗೆಳೆಯನೂ ಒಂದು ಚೌಕ ಹಾಕಿದ್ದ. ಅವನ ಕಛೇರಿಯಲ್ಲಿ ಮೇಲಿನವರಿಂದ ಕೆಳಗಿನವರವರೆಗೆ ಎಲ್ಲರೂ ಹಾಕಿದ್ದರು. ಹಾಕದವನು ಕಣ್ಣಿಗೆ ಬೀಳುತ್ತಿದ್ದ. ವೀಸಾದ ಮೇಲೆ ಇರುವವನಿಗೆ ಕಣ್ಣಿಗೆ ಬೀಳುವುದು ಹಿತವಲ್ಲ. ಆಗ ಹನ್ನೆರಡು ವರ್ಷದವಳಾಗಿದ್ದ ಮಗಳು ಪಕ್ಕದಲ್ಲಿ ನಿಂತು ನೋಡಿ, “ಅಪ್ಪ, ಇದನ್ನು ಯಾರು ನೋಡುತ್ತಾರೆ?” ಎಂದು ಕೇಳಿದಳಂತೆ. ಅವನು ಹೆಸರುಗಳನ್ನು ಹೇಳುತ್ತ ಹೋದ. ಎಲ್ಲವೂ ಅವನ ಕಛೇರಿಯವರ ಹೆಸರುಗಳು.

“ಅಂದಿನಿಂದ ನನಗೆ ಎಲ್ಲವೂ ನಾಟಕವಾಗಿಯೇ ಕಾಣುತ್ತದೆ” ಎಂದ ಅವನು. “ಮೆರವಣಿಗೆ ನಾಟಕ, ಫಲಕ ನಾಟಕ, ಹೇಳಿಕೆ ನಾಟಕ.”

ನಮ್ಮ ಜಗಳ ಶುರುವಾದದ್ದು ಇಲ್ಲಿ. ನಾನು ಎರಡು ಮಾತು ಹೇಳಿದೆ. ಒಂದು: ಅದೇ ಮೇ 25ರಂದು, ಹದಿನೇಳು ವರ್ಷದ ಹುಡುಗಿಯೊಬ್ಬಳು ಅಂಗಡಿಗೆಂದು ಹೊರಟವಳು ಆ ಬೀದಿಯಲ್ಲಿ ನಿಂತು, ಕೈಯಲ್ಲಿದ್ದ ಫೋನನ್ನು ಹಿಡಿದು, ಕೊಲೆಯನ್ನು ಮೊದಲಿಂದ ಕೊನೆಯವರೆಗೆ ಚಿತ್ರೀಕರಿಸಿದಳು. ಪೊಲೀಸರ ಮೊದಲ ಪ್ರಕಟಣೆ ಅದನ್ನು ಒಂದು ವೈದ್ಯಕೀಯ ಘಟನೆ ಎಂದು ಕರೆದಿತ್ತು. ಆ ಚಿತ್ರವಿಲ್ಲದಿದ್ದರೆ ಅದು ಹಾಗೆಯೇ ಉಳಿಯುತ್ತಿತ್ತೋ ಏನೋ. 2021ರ ಏಪ್ರಿಲ್ 20ರಂದು ಅಪರಾಧ ಸ್ಥಾಪಿತವಾಯಿತು. ಚೌಕ ಹಾಕಿದ್ದೂ ಫೋನಿನಿಂದಲೇ, ಸಾಕ್ಷಿ ಹಿಡಿದದ್ದೂ ಫೋನಿನಿಂದಲೇ. ಆಯುಧಧಾರಿಯಾದ ಪೊಲೀಸನ ದೃಷ್ಟಿ ತನ್ನ ಮೇಲಿರುವಾಗ ಆ ಹುಡುಗಿ ಅಲುಗದೆ ನಿಂತಳು. ನಿನ್ನ ಚೌಕವನ್ನು ಅವನು ನೋಡಲೇ ಇಲ್ಲ.

ಎರಡನೆಯ ಮಾತು ಸ್ವಲ್ಪ ಖಾರವಾಗಿತ್ತು. ತಾಳಮದ್ದಲೆಯ ಅರ್ಥಧಾರಿಯ ಮಗನಾಗಿ ನೀನು ನಾಟಕವೆಂಬ ಶಬ್ದವನ್ನು ಬೈಗುಳದಂತೆ ಬಳಸಬಹುದೆ, ಎಂದೆ.

ಅವನ ತಂದೆ ನಮ್ಮ ಸೀಮೆಯಲ್ಲಿ ಹೆಸರಾದ ಹವ್ಯಾಸಿ ಅರ್ಥಧಾರಿ. ಅಡಕೆ ತೋಟದ ಕೆಲಸ ಮುಗಿಸಿ, ಮಿಂದು, ಶಾಲು ಹೊದ್ದು ಹೊರಟರೆ ಬೆಳಗಿನ ಜಾವ ಮನೆಗೆ ಬರುತ್ತಿದ್ದರು. ಕರಾವಳಿ ಮಲೆನಾಡುಗಳ ಹೊರಗಿನ ಓದುಗರಿಗಾಗಿ ಒಂದು ಮಾತು: ತಾಳಮದ್ದಲೆಯಲ್ಲಿ ಯಕ್ಷಗಾನದ ವೇಷವಿಲ್ಲ, ಕುಣಿತವಿಲ್ಲ. ನಡುವೆ ಭಾಗವತರು ಪದ ಹೇಳುತ್ತಾರೆ; ಎರಡು ಬದಿಯಲ್ಲಿ ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಒಬ್ಬೊಬ್ಬ ಪಾತ್ರವನ್ನು ವಹಿಸಿ, ಬರೆದಿಟ್ಟ ಮಾತಿಲ್ಲದೆ, ಅಲ್ಲಿಯೇ ಹುಟ್ಟಿಸಿಕೊಂಡ ಮಾತಿನಲ್ಲಿ ವಾದಿಸುತ್ತಾರೆ. ವಾಲಿವಧೆಯ ಪ್ರಸಂಗವೆಂದರೆ ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆಗಳು: ಮರೆಯಲ್ಲಿ ನಿಂತು ಏಕೆ ಹೊಡೆದೆ? ನನಗೂ ನಿನಗೂ ಏನು ವೈರ? ಈ ಮನುಷ್ಯ ಇಂದು ವಾಲಿಯಾದರೆ ನಾಳೆ ಇನ್ನೊಂದೂರಿನಲ್ಲಿ ರಾಮ. ಇಂದು ತಾನೇ ಕೇಳಿದ ಪ್ರಶ್ನೆಗೆ ನಾಳೆ ತಾನೇ ಉತ್ತರ ಕೊಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥವನ್ನು ಕೇಳಿದವರಿಗೆ, ಪ್ರತಿನಾಯಕನ ಪಕ್ಷವೂ ಎಷ್ಟು ಘನವಾಗಿರಬಲ್ಲದೆಂಬುದು ಮರೆಯುವಂತಿಲ್ಲ. ಸಭೆಯಲ್ಲಿ ಕುಳಿತ ಭಕ್ತರು ರಾಮನ ಕಡೆಯವರೇ. ಆದರೆ ವಾಲಿಯ ಪ್ರಶ್ನೆ ಬಡಕಲಾದರೆ ಎದ್ದುಹೋಗುತ್ತಿದ್ದವರೂ ಅವರೇ.

ಅದೂ ಪ್ರದರ್ಶನವೇ ಅಲ್ಲವೆ? ಸಭೆಗಾಗಿಯೇ ಆಡಿದ್ದು, ಭೇಷ್ ಅನ್ನಿಸಿಕೊಳ್ಳುವ ಆಸೆ ಇದ್ದೇ ಇತ್ತು. ಆದ್ದರಿಂದ ಪ್ರದರ್ಶನವಾದದ್ದೇ ದೋಷವೆಂದರೆ ನಾನು ಒಪ್ಪಲಾರೆ. ನಾಲ್ಕು ಜನರ ಮುಂದೆ ನಿಂತು ಮಾಡದ ಸಾರ್ವಜನಿಕ ಕಾರ್ಯ ಯಾವುದಿದೆ? ದಂಡಿಗೆ ನಡೆದದ್ದು ಕೂಡ ಜಗತ್ತು ನೋಡಲೆಂದೇ. ವ್ಯತ್ಯಾಸವಿರುವುದು ಬೇರೆ ಕಡೆ. ತಾಳಮದ್ದಲೆಯಲ್ಲಿ ಇದಿರು ಅರ್ಥಧಾರಿ ಮೂರು ಮೊಳ ದೂರದಲ್ಲಿ ಕುಳಿತಿರುತ್ತಾನೆ. ಮಾತು ಸಡಿಲವಾದರೆ ಹಿಡಿಯುತ್ತಾನೆ. ಕಪ್ಪು ಚೌಕಕ್ಕೂ ಅಂಗಳದ ಫಲಕಕ್ಕೂ ಇದಿರಿಲ್ಲ. ನೋಡುವವರೆಲ್ಲ ಮೊದಲೇ ಒಪ್ಪಿಕೊಂಡವರು. ಒಪ್ಪಿಕೊಂಡವರ ಮುಂದೆ ಆಡುವ ಮಾತು ಪ್ರತಿದಿನ ಒಂದು ಸ್ವರ ಏರಬೇಕಾಗುತ್ತದೆ, ಇಲ್ಲದಿದ್ದರೆ ನಿನ್ನೆಗಿಂತ ತಗ್ಗಿತೆಂದು ಸ್ವಪಕ್ಷದವರಿಗೇ ಅನುಮಾನ. ಧ್ರುವೀಕರಣವೆಂದು ಇಂದು ಪತ್ರಿಕೆಗಳು ಕರೆಯುವ ಈ ರೋಗವೂ ತೋರ್ಪಡಿಕೆಯ ಹೋರಾಟವೆಂಬ ಇನ್ನೊಂದು ರೋಗವೂ ನನ್ನ ಕಣ್ಣಿಗೆ ಒಂದೇ: ಎರಡೂ ಕಡೆ ಇದಿರಿನವನಿಗೆ ಕಟ್ಟೆಯ ಮೇಲೆ ಜಾಗ ಕೊಟ್ಟಿಲ್ಲ.

ಗೆಳೆಯ ಇರುವ ಒಹಾಯೊದಲ್ಲಿಯೇ ಓಬರ್ಲಿನ್ ಎಂಬ ಕಾಲೇಜಿನ ಊರಿದೆ. ಅವನು ಮಗಳಿಗೆ ಕಾಲೇಜು ನೋಡಲೆಂದು ಹೋಗಿ ಬಂದಿದ್ದಾನೆ. ಆದರೆ ಆ ಊರಿಗೂ ನಮ್ಮ ನಾಗಪುರಕ್ಕೂ ಇರುವ ನಂಟನ್ನು ಅರಿತಿರಲಿಲ್ಲ. ಜೇಮ್ಸ್ ಲಾಸನ್ ಎಂಬ ಕಪ್ಪು ತರುಣ, ಕೊರಿಯಾ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲು ನಿರಾಕರಿಸಿ ಸೆರೆಮನೆ ಕಂಡವರು, 1953ರಲ್ಲಿ ಮೆಥಡಿಸ್ಟ್ ಮಿಷನ್ನಿನ ಕಡೆಯಿಂದ ನಾಗಪುರದ ಹಿಸ್ಲಾಪ್ ಕಾಲೇಜಿಗೆ ಬಂದರು. ಮೂರು ವರ್ಷ ಅಲ್ಲಿದ್ದು ಗಾಂಧಿಯವರ ಮಾರ್ಗವನ್ನು ಅಭ್ಯಾಸ ಮಾಡಿದರು. 1955ರ ಡಿಸೆಂಬರಿನಲ್ಲಿ, ನಾಗಪುರದ ಪತ್ರಿಕೆಯಲ್ಲಿಯೇ, ತಮ್ಮ ದೇಶದ ಮಾಂಟ್‌ಗೊಮರಿಯಲ್ಲಿ ಕಪ್ಪು ಜನ ನಗರದ ಬಸ್ಸು ಹತ್ತುವುದನ್ನು ನಿಲ್ಲಿಸಿದ ವಾರ್ತೆಯನ್ನು ಓದಿದರು. ಆ ಜನ 381 ದಿನ ಬಸ್ಸು ಹತ್ತಲಿಲ್ಲ. ಪರದೇಶದಲ್ಲಿ ಕುಳಿತು ಸ್ವದೇಶದ ಸುದ್ದಿ ಓದಿದ ಲಾಸನ್ನರು 1956ರಲ್ಲಿ ಮರಳಿ ಓಬರ್ಲಿನ್ನಿನಲ್ಲಿ ಓದಲು ಸೇರಿದರು. 1957ರ ಫೆಬ್ರವರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗರು ಅಲ್ಲಿಗೆ ಭಾಷಣಕ್ಕೆ ಬಂದಾಗ ಇಬ್ಬರ ಭೇಟಿಯಾಯಿತು. ಓದು ಮುಗಿಯುವವರೆಗೆ ಕಾಯಬೇಡಿ, ಈಗಲೇ ದಕ್ಷಿಣಕ್ಕೆ ಬನ್ನಿ ಎಂಬುದು ಕಿಂಗರ ಒತ್ತಾಯ.

ಲಾಸನ್ನರು ನ್ಯಾಶ್‌ವಿಲ್ ನಗರಕ್ಕೆ ಹೋದರು. ಅಲ್ಲಿ ಚರ್ಚೊಂದರಲ್ಲಿ ವಿದ್ಯಾರ್ಥಿಗಳನ್ನು ಕೂಡಿಸಿ ಅವರು ನಡೆಸಿದ ಶಿಬಿರಗಳ ವಿವರ ನನಗೆ ತಾಳಮದ್ದಲೆಯನ್ನು ನೆನಪಿಗೆ ತಂದಿತು. ಬಿಳಿಯರಿಗೆ ಮಾತ್ರ ಮೀಸಲಾದ ಊಟದ ಕಟ್ಟೆಯಲ್ಲಿ ಹೋಗಿ ಕುಳಿತುಕೊಳ್ಳಬೇಕು. ಹೊಡೆದರೂ ಉಗುಳಿದರೂ ಕೈಯೆತ್ತಬಾರದು. ಅದಕ್ಕೆ ತಾಲೀಮು. ಕೆಲವರು ಕಟ್ಟೆಯಲ್ಲಿ ಕುಳಿತವರ ಪಾತ್ರ ವಹಿಸಬೇಕು, ಕೆಲವರು ಅವರನ್ನು ಬೈದು, ಕುರ್ಚಿ ಎಳೆದು, ಸಿಗರೇಟಿನ ಹೊಗೆಯನ್ನು ಮುಖಕ್ಕೆ ಬಿಡುವ ಬಿಳಿಯರ ಪಾತ್ರ ವಹಿಸಬೇಕು. ತಮ್ಮನ್ನು ದ್ವೇಷಿಸುವವನ ಮಾತನ್ನು ತಮ್ಮ ಬಾಯಿಂದಲೇ ಆಡಿ ನೋಡಿದರು ಆ ಮಕ್ಕಳು. 1960ರ ಫೆಬ್ರವರಿ 13ರಂದು ಅವರು ನಗರದ ಅಂಗಡಿಗಳ ಕಟ್ಟೆಗಳಲ್ಲಿ ಹೋಗಿ ಕುಳಿತರು. ಅದೇ ತಿಂಗಳ 27ರಂದು ಪೆಟ್ಟು ತಿಂದವರೂ ಅವರೇ, ಬಂಧನಕ್ಕೊಳಗಾದವರೂ ಅವರೇ, ಎಂಬತ್ತರಷ್ಟು ಮಂದಿ. ದಂಡ ಕಟ್ಟಿ ಹೊರಬರಬಹುದಾಗಿತ್ತು. ಬಹುಮಂದಿ ಸೆರೆಮನೆಯನ್ನೇ ಆರಿಸಿಕೊಂಡರು. ಲಾಸನ್ನರನ್ನು ಅವರು ಓದುತ್ತಿದ್ದ ವಿಶ್ವವಿದ್ಯಾನಿಲಯ ಹೊರಹಾಕಿತು. ಏಪ್ರಿಲ್ 19ರ ಬೆಳಗ್ಗೆ ಅವರ ಪರ ವಕೀಲರ ಮನೆಗೆ ಬಾಂಬು ಬಿತ್ತು. ಅದೇ ದಿನ ಸಾವಿರಾರು ಜನ ಮೌನವಾಗಿ ಪುರಭವನಕ್ಕೆ ನಡೆದರು. ಡಯಾನ್ ನ್ಯಾಶ್ ಎಂಬ ವಿದ್ಯಾರ್ಥಿನಿ ಮೆಟ್ಟಿಲ ಮೇಲೆ ನಗರಾಧ್ಯಕ್ಷರನ್ನು ಎದುರುಗೊಂಡು, ಬಣ್ಣದ ಕಾರಣದಿಂದ ಮನುಷ್ಯನನ್ನು ಬೇರೆಯಾಗಿ ಕಾಣುವುದು ತಪ್ಪೆಂದು ನಿಮಗೆ ಅನ್ನಿಸುವುದಿಲ್ಲವೆ ಎಂದು ಕೇಳಿದರು. ತಪ್ಪೆಂದು ಅವರು ಒಪ್ಪಿದರು. ಮೇ 10ರಂದು ಆರು ಅಂಗಡಿಗಳ ಕಟ್ಟೆಗಳು ಎಲ್ಲರಿಗೂ ತೆರೆದವು.

ಮೆಟ್ಟಿಲ ಮೇಲಿನ ಆ ಪ್ರಶ್ನೆಯನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಅದು ಘೋಷಣೆಯಾಗಿರಲಿಲ್ಲ, ಉತ್ತರ ಕೊಡಬಲ್ಲ ಮನುಷ್ಯನೊಬ್ಬ ಎದುರಿಗಿದ್ದಾನೆಂದು ತಿಳಿದು ಕೇಳಿದ ಪ್ರಶ್ನೆ.

ಇಷ್ಟನ್ನೂ ನಾನು ಗೆಳೆಯನಿಗೆ ಉಪನ್ಯಾಸಕನ ಗತ್ತಿನಿಂದಲೇ ಹೇಳಿದೆ. ಹೇಳಿ ಮುಗಿಸಿದ ಮೇಲೆ ನನಗೇ ಒಳಗೊಳಗೆ ಕಸಿವಿಸಿ. ಕಾರಣವನ್ನು ಅವನಿಗೆ ಅಂದು ಹೇಳಲಿಲ್ಲ, ಇಲ್ಲಿ ಹೇಳಿಬಿಡುತ್ತೇನೆ.

ನಾನು ಪಾಠ ಹೇಳುವ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ನನ್ನ ಜವಾಬ್ದಾರಿ. ಪರ, ವಿರೋಧ ಎಂದು ಚೀಟಿ ಎತ್ತಿಸುವುದು ಹಳೆಯ ಪದ್ಧತಿ. ಬಂದ ಪಕ್ಷವನ್ನು ವಾದಿಸಬೇಕು. ಮೂರು ವರ್ಷದ ಹಿಂದೆ ಮೊದಲ ವರ್ಷದ ಹುಡುಗಿಯೊಬ್ಬಳಿಗೆ ಅವಳ ಮನೆಯವರಿಗೂ ಅವಳಿಗೂ ಒಪ್ಪಿತವಲ್ಲದ ಪಕ್ಷ ಬಂತು. ಅವಳು ಅದನ್ನು ಅಚ್ಚುಕಟ್ಟಾಗಿ ವಾದಿಸಿ ಬಹುಮಾನ ಪಡೆದಳು. ಯಾರೋ ಅರ್ಧ ನಿಮಿಷದ ತುಣುಕನ್ನು ಫೋನಿನಲ್ಲಿ ಹಿಡಿದು, ಚೀಟಿಯ ವಿಷಯ ಬಿಟ್ಟು, ಇದು ಈ ಹುಡುಗಿಯ ಅಭಿಪ್ರಾಯವೆಂದು ಊರಿಡೀ ಹರಿಯಬಿಟ್ಟರು. ಒಂದು ವಾರ ಅವಳು ಕಾಲೇಜಿಗೆ ಬರಲಿಲ್ಲ. ಚೀಟಿ ಎತ್ತಿಸಿದವನು ನಾನು. ಪಕ್ಷ ಅವಳದಲ್ಲ, ಆಟದ ನಿಯಮದ್ದು ಎಂದು ನಾಲ್ಕು ಸಾಲು ಬರೆದು ನನ್ನ ಹೆಸರು ಹಾಕಿದ್ದರೆ ಸಾಕಾಗಿತ್ತು. ಬರೆಯಲಿಲ್ಲ. ಗಾಳಿ ತಣ್ಣಗಾಗಲಿ ಎಂದುಕೊಂಡೆ. ಅದೇ ತಿಂಗಳು, ದೂರದ ರಾಜ್ಯವೊಂದರ ಲೇಖಕರ ಪರವಾಗಿ ವಾಕ್‌ಸ್ವಾತಂತ್ರ್ಯವನ್ನು ಕುರಿತ ಹೇಳಿಕೆಯೊಂದಕ್ಕೆ ಸಹಿ ಹಾಕಿ, ಅದನ್ನು ಫೇಸ್‌ಬುಕ್ಕಿನಲ್ಲಿ ಹಂಚಿಕೊಂಡು, ಇನ್ನೂರಕ್ಕೂ ಹೆಚ್ಚು ಮೆಚ್ಚುಗೆ ಗಳಿಸಿದೆ. ಮೆಚ್ಚಿದವರಲ್ಲಿ ನನ್ನನ್ನು ಒಪ್ಪದವನು ಒಬ್ಬನೂ ಇರಲಿಲ್ಲ. ಮರುವರ್ಷದಿಂದ ಚೀಟಿ ನಿಂತಿತು. ಮಕ್ಕಳು ತಮಗೆ ಬೇಕಾದ ಪಕ್ಷವನ್ನು ಆರಿಸಿಕೊಳ್ಳುತ್ತಾರೆ. ಈಗ ಚರ್ಚೆ ಎಂದರೆ ಒಂದರ ಹಿಂದೊಂದು ಭಾಷಣ. ಕಳೆದ ವರ್ಷ ಒಂದು ಪಕ್ಷಕ್ಕೆ ಹದಿನೊಂದು ಮಂದಿ, ಇನ್ನೊಂದಕ್ಕೆ ಯಾರೂ ಇರಲಿಲ್ಲ. ಬಹುಮಾನವನ್ನಂತೂ ಕೊಟ್ಟೆವು.

ಗೆಳೆಯನೂ ತನ್ನ ಪಾಲಿನದನ್ನು ಒಪ್ಪಿಕೊಳ್ಳದೆ ಹೋಗಲಿಲ್ಲ. ಅಲ್ಲಿಯ ನೆರೆಯವರನ್ನು ನೋಡಿ ನಗುವ ನಮ್ಮ ಜನ, ಕನ್ನಡ ಕೂಟದ ಯುಗಾದಿ ಊಟದಲ್ಲಿ ಹೋಳಿಗೆ ಬಡಿಸುತ್ತಲೇ ಭಾರತದ ಪಕ್ಷಗಳ ಹೆಸರಿನಲ್ಲಿ ಎರಡು ಮೇಜುಗಳಾಗಿ ಕೂರುತ್ತಾರೆಂದ. ಹೊರದೇಶದಲ್ಲಿರುವ ಭಾರತೀಯ ಪ್ರಜೆಗಳಿಗೆ ಇಲ್ಲಿಯ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಲು 2010ರ ತಿದ್ದುಪಡಿಯಿಂದ ಅವಕಾಶವಿದೆ. ಆದರೆ ಮತಗಟ್ಟೆಗೆ ತಾವೇ ಬರಬೇಕು. 2024ರ ಲೋಕಸಭಾ ಚುನಾವಣೆಯಲ್ಲಿ ಹಾಗೆ ಹೆಸರು ಬರೆಸಿದ್ದವರು ಸುಮಾರು 1,19,000. ಬಂದು ಮತ ಹಾಕಿದವರು ಮೂರು ಸಾವಿರಕ್ಕಿಂತ ಕಡಮೆ, ಅವರಲ್ಲಿಯೂ ಬಹುಪಾಲು ಕೇರಳದವರು. ವಿಮಾನದ ದರವನ್ನು ನೆನೆದರೆ ಯಾರನ್ನೂ ದೂರಲಾಗದು. “ನಾನು ಹೆಸರನ್ನೇ ಬರೆಸಿಲ್ಲ. ಎರಡು ದೇಶದ ಜಗಳವನ್ನೂ ಗ್ಯಾಲರಿಯಲ್ಲಿ ಕೂತು ನೋಡುತ್ತೇನೆ. ಎಲ್ಲ ನಾಟಕ ಅಂತ ಹೇಳುವುದಕ್ಕೆ ಟಿಕೇಟು ಬೇಡ ನೋಡು” ಎಂದು ನಕ್ಕ.

ಅವನು ಹೊರಡುವ ಮುನ್ನಾದಿನ ರಾತ್ರಿ, ತಂದೆಯ ನೆನಪಿಗೆಂದು ಅವರ ಮನೆಯ ಅಂಗಳದಲ್ಲಿ ತಾಳಮದ್ದಲೆ ಇಟ್ಟುಕೊಂಡಿದ್ದರು. ವಾಲಿವಧೆಯೇ ಪ್ರಸಂಗ. ವಾಲಿಗೆ ಗೊತ್ತಾಗಿದ್ದ ಅರ್ಥಧಾರಿ ಜ್ವರದಿಂದ ಬರಲಿಲ್ಲ. ನಾಲ್ಕು ಜನ ಹಿಡಿದು ಗೆಳೆಯನನ್ನು ಕೂರಿಸಿದರು. ಹುಡುಗನಾಗಿದ್ದಾಗ ಸಣ್ಣಪುಟ್ಟ ಅರ್ಥ ಹೇಳಿದವನು. ಬಿಟ್ಟು ಮೂವತ್ತು ವರ್ಷ. ಮೊದಲ ಪದಕ್ಕೆ ಹೇಗೋ ಹೇಳಿದ. ಎರಡನೆಯದಕ್ಕೆ ನಡುವೆ ನಿಂತುಬಿಟ್ಟ. ಮಾತು ಹೊರಡಲಿಲ್ಲ. ಭಾಗವತರು ಕಣ್ಣೆತ್ತಿ ನೋಡಿದರು. ಎದುರಿಗೆ ರಾಮನಾಗಿ ಕುಳಿತಿದ್ದವರು ನಮಗಿಬ್ಬರಿಗೂ ಅಕ್ಷರ ಕಲಿಸಿದ ಮಾಸ್ತರರು, ಎಂಬತ್ತು ದಾಟಿದವರು. ಅವರು ಆ ಮೌನವನ್ನು ಗೆಲವಾಗಿ ಎತ್ತಿಕೊಳ್ಳಬಹುದಾಗಿತ್ತು. ಬದಲಿಗೆ ಶಾಲು ಸರಿಪಡಿಸಿಕೊಂಡು, ತುಸು ಮುಂದಕ್ಕೆ ಬಾಗಿ, “ಮರೆಯಲ್ಲಿ ನಿಂತು ಹೊಡೆದೆನೆಂದು ತಾನೆ ವಾಲಿ, ನಿನ್ನ ದೂರು?” ಎಂದರು. ವಾಲಿಗೆ ದಾರಿ ಸಿಕ್ಕಿತು. ಗಂಟೆ ಎರಡಾಗುವವರೆಗೆ ಇಬ್ಬರೂ ಬಿಡಲಿಲ್ಲ.

ಆ ಹುಡುಗಿ ಈಗ ಕೊನೆಯ ವರ್ಷದಲ್ಲಿದ್ದಾಳೆ. ಸೋಮವಾರ ಮೊದಲ ಅವಧಿ ಅವಳ ತರಗತಿಗೆ ನನ್ನದೇ ಪಾಠ.